ಲಾಂಛನದ ಕಲ್ಲು, ಹಂಚಿನ ಮುದ್ರೆ: ಮಂಗಳೂರಿನ ಇಗರ್ಜಿಗಳಲ್ಲಿ ಪಾದ್ರಿಗಳ ಚರಿತ್ರೆ

ಮಂಗಳೂರಿನ ಬೋಳಾರದ ಕಡೆ ಇರುವ ರೊಸಾರಿಯೊ ಕೆಥೆಡ್ರಲ್‌ಗೆ ಹೋದವರೆಲ್ಲ ತಲೆ ಎತ್ತಿ ಗುಮ್ಮಟ ನೋಡ್ತಾರೆ. ನೋಡುವಂಥದ್ದೇ, ಇಲ್ಲ ಅನ್ನಲ್ಲ. ಆದರೆ ನಾನು ಮೊದಲ ಸಲ ಹೋದದ್ದು ಗುಮ್ಮಟಕ್ಕಲ್ಲ, ಪ್ರವೇಶದ ಬಳಿ ಉಳಿಸಿಕೊಂಡಿರುವ ಒಂದು ಕಣಶಿಲೆಗಾಗಿ. ಅದರ ಮೇಲೆ ಇರೋದು ಪೋರ್ಚುಗಲ್ ದೊರೆಯ ರಾಜಲಾಂಛನ. ಈಗಿನ ಕಟ್ಟಡಕ್ಕೂ ಆ ಕಲ್ಲಿಗೂ ಹುಟ್ಟಿನ ಸಂಬಂಧ ಇಲ್ಲ. ಕಟ್ಟಡ 20ನೇ ಶತಮಾನದ್ದು, ಕಲ್ಲು ಪೋರ್ಚುಗೀಸರ ಕೋಠಿ ಇಲ್ಲಿದ್ದ ಕಾಲದ್ದು. ನಡುವೆ ಇದೇ ಹೆಸರಿನ ಇಗರ್ಜಿ ಹಲವು ಸಲ ಬಿದ್ದು ಎದ್ದಿದೆ.

ಪೋರ್ಚುಗಲ್ ಲಾಂಛನ ಗುರುತಿಸೋದು ಕಷ್ಟವಲ್ಲ. ದೊಡ್ಡ ಗುರಾಣಿಯ ಒಳಗೆ ಶಿಲುಬೆಯಾಕಾರದಲ್ಲಿ ಐದು ಚಿಕ್ಕ ಗುರಾಣಿ, ಪ್ರತಿ ಚಿಕ್ಕ ಗುರಾಣಿಯಲ್ಲಿ ಐದು ಬೊಟ್ಟು, ಸುತ್ತಲಿನ ಅಂಚಿನಲ್ಲಿ ಕೋಟೆಗಳು, ಮೇಲೆ ಕಿರೀಟ. ಗೋವಾದ ಹಳೇ ಕೋಟೆ ಬಾಗಿಲುಗಳನ್ನು ನೋಡಿದವರಿಗೆ ಇದು ಪರಿಚಿತ. ಪ್ರಶ್ನೆ ಬೇರೆ: ದೇವರ ಮನೆಯ ಬಾಗಿಲಲ್ಲಿ ದೊರೆಯ ಮುದ್ರೆ ಯಾಕೆ? ಇದಕ್ಕೆ ಉತ್ತರ ‘ಪದ್ರೊವಾದೊ’ ಅನ್ನೋ ಒಂದು ಪದದಲ್ಲಿದೆ. ಪೂರ್ವ ದೇಶಗಳಲ್ಲಿ ಇಗರ್ಜಿ ಕಟ್ಟಿಸುವ, ನಡೆಸುವ ಖರ್ಚನ್ನು ಪೋರ್ಚುಗಲ್ ದೊರೆ ಹೊರಬೇಕು. ಅದಕ್ಕೆ ಬದಲಾಗಿ ಬಿಷಪ್ಪರನ್ನು ಸೂಚಿಸುವ, ಪಾದ್ರಿಗಳನ್ನು ನೇಮಿಸುವ ಹಕ್ಕು ಅವನದು. ರೋಮಿನ ಪೋಪ್ ಕೊಟ್ಟ ಅಧಿಕಾರ ಇದು. ನಮ್ಮ ಕಡೆ ಬಸದಿಗೋ ದೇವಸ್ಥಾನಕ್ಕೋ ದತ್ತಿ ಬಿಟ್ಟ ಅರಸ ಶಾಸನದ ತಲೆಯಲ್ಲಿ ತನ್ನ ಬಿರುದು ಹಾಕಿಸಿದ ಹಾಗೆಯೇ ಅಂತ ಅನ್ನಿಸಬಹುದು. ಪೂರ್ತಿ ಹಾಗಲ್ಲ. ಬಾರಕೂರಿನ ಶಾಸನದ ಅರಸ ದತ್ತಿ ಬಿಡ್ತಾನೆ, ಆದರೆ ಪೂಜಾರಿಯನ್ನು ಲಿಸ್ಬನ್ನಿನಿಂದ ನೇಮಿಸಲ್ಲ. ಹಾಗಾಗಿ ನನ್ನ ಮಟ್ಟಿಗೆ ಆ ಲಾಂಛನ ಒಂದು ಅಲಂಕಾರ ಅಲ್ಲ, ಒಂದು ಸಾಲಿನ ಶಾಸನ: ಇಲ್ಲಿನ ಪಾದ್ರಿ ಯಾರ ಕಡೆಯವನು ಅಂತ ಹೇಳುವ ಶಾಸನ. ಮಂಗಳೂರು ಬೆಳೆದಂತೆ ಈ ಪ್ರಶ್ನೆಗೆ ಉತ್ತರ ನಾಲ್ಕೈದು ಸಲ ಬದಲಾಯಿತು, ಕಟ್ಟಡಗಳೂ ಹೆಚ್ಚುಕಡಿಮೆ ಅದರ ಜೊತೆಜೊತೆಗೇ ಬದಲಾದವು.

ಇಂಥ ಕಲ್ಲುಗಳ ಬಗ್ಗೆ ನಮ್ಮ ಶಾಸನಾಸಕ್ತರ ಬಳಗದಲ್ಲಿ ಮಾತು ಕಮ್ಮಿ. ಕದ್ರಿಯ ಲೋಕೇಶ್ವರ ಪ್ರತಿಮೆಯ ಪೀಠದಲ್ಲಿರುವ ಆಳುಪ ಕುಂದವರ್ಮನ 968ರ ಶಾಸನ ಎಲ್ಲರಿಗೂ ಗೊತ್ತು. ಅಲ್ಲಿಂದ ಮೂರ್ನಾಲ್ಕು ಕಿಲೋಮೀಟರ್ ದೂರದ ಇಗರ್ಜಿಯ ಸ್ಮಶಾನದಲ್ಲಿ ಏನು ಬರೆದಿದೆ ಅಂತ ಕೇಳಿದರೆ ಹೆಚ್ಚಿನವರು ಭುಜ ಹಾರಿಸ್ತಾರೆ. ಇದಕ್ಕೆ ಕಾರಣವೂ ಇದೆ. ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕಾ ಮೈಸೂರು ಸೀಮೆಯದು, ಆಗ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಅದರೊಳಗೆ ಬರಲ್ಲ. ನಮ್ಮ ಜಿಲ್ಲೆಯ ಶಾಸನಗಳು ದಕ್ಷಿಣ ಭಾರತ ಶಾಸನಗಳ ಏಳನೇ ಸಂಪುಟದಲ್ಲಿ ದೊಡ್ಡ ಸಂಖ್ಯೆಯಲ್ಲಿ ಸಿಗ್ತವೆ, ಆದರೆ ಅದರ ಆಸಕ್ತಿ ಹಳೆಯ ರಾಜವಂಶಗಳು. ಗೋರಿಕಲ್ಲುಗಳಿಗೆ 1905ರಲ್ಲಿ ಜೂಲಿಯನ್ ಜೇಮ್ಸ್ ಕಾಟನ್ ಮಾಡಿದ ಮದ್ರಾಸ್ ಪ್ರಾಂತ್ಯದ ಪಟ್ಟಿ ಇದೆ. ಒಳ್ಳೆಯ ಕೆಲಸ, ಆದರೆ ಹೆಚ್ಚಿನ ಜಾಗ ಯುರೋಪಿಯನ್ನರ ಗೋರಿಗಳಿಗೆ. ಗೋವಾದಿಂದ ಬಂದು ಇಲ್ಲೇ ಸತ್ತ ಒಬ್ಬ ಪಾದ್ರಿಯ ಕಲ್ಲು ಆ ಪಟ್ಟಿಗೂ ಬೇಕಿಲ್ಲ, ಈ ಸಂಪುಟಕ್ಕೂ ಬೇಕಿಲ್ಲ. ಎರಡು ಮಂಚದ ನಡುವೆ ಬಿದ್ದ ದಿಂಬಿನ ಹಾಗೆ.

ಇನ್ನೊಂದು ಕಾರಣ ಮುರಕಲ್ಲು. ಕರಾವಳಿಯಲ್ಲಿ ಮನೆ, ಕೋಟೆ, ಇಗರ್ಜಿ ಎಲ್ಲ ಕಟ್ಟಿದ್ದು ಮುರಕಲ್ಲಲ್ಲೇ. ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿಗೆ ಬಂದ ಮೇಲೆ ಗಟ್ಟಿ, ಕಟ್ಟಲಿಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಮೈಯೆಲ್ಲ ತೂತು. ಅಕ್ಷರ ನಿಲ್ಲಲ್ಲ. ಅದಕ್ಕೇ ನಮ್ಮ ಹಳೆಯ ಶಾಸನಗಳು ಕಣಶಿಲೆಯ ಮೇಲಿವೆ. ಇಗರ್ಜಿಯವರು ಸಾಮಾನ್ಯವಾಗಿ ಇಸವಿಯನ್ನೋ ಶಿಲುಬೆಯನ್ನೋ ಮುಂಭಾಗದ ಸುಣ್ಣದ ಗಾರೆಯಲ್ಲಿ ಉಬ್ಬಿಸಿ ಮಾಡ್ತಿದ್ದರು. ಗಾರೆ ಕೆರೆದು ಹೊಸ ಗಾರೆ ಮೆತ್ತಿದ ದಿನ ಆ ಶಾಸನ ಮುಗೀತು. ಕಲ್ಲಿನ ಶಾಸನವನ್ನು ನಾಶ ಮಾಡಬೇಕಾದರೆ ಯಾರಾದರೂ ಮನಸ್ಸು ಮಾಡಬೇಕು, ಗಾರೆಯ ಶಾಸನಕ್ಕೆ ಬಣ್ಣ ಹೊಡೆಯುವ ಗುತ್ತಿಗೆದಾರ ಸಾಕು.

ಈಗ ಕಥೆಗೆ ಬರೋಣ. ಪೋರ್ಚುಗೀಸರು ಮಂಗಳೂರಲ್ಲಿ ಕೋಟೆ ಕಟ್ಟಿ, ರೊಸಾರಿಯೊ ಇಗರ್ಜಿ ಎದ್ದದ್ದು 1568ರ ಹೊತ್ತಿಗೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಬಂದಾಗ ಇಲ್ಲಿ ಮೂರು ಇಗರ್ಜಿ ಇದ್ದದ್ದನ್ನು ಹೇಳ್ತಾನೆ. (ಉಳ್ಳಾಲದ ರಾಣಿ ಬರಿಗಾಲಲ್ಲಿ ನಡೆದು ನೀರಿನ ಕೆಲಸ ನೋಡಿಕೊಳ್ಳುತ್ತಿದ್ದದ್ದನ್ನು ಬರೆದವನೂ ಇವನೇ. ಆ ಭಾಗ ಎಲ್ಲರೂ ಓದಿರ್ತಾರೆ, ಇಗರ್ಜಿಯ ಸಾಲು ಯಾರೂ ಓದಿರಲ್ಲ.) ಆ ಕಾಲದಲ್ಲಿ ಪಾದ್ರಿ ಅಂದರೆ ಕೋಟೆಯ ಒಳಗಿನ ಮನುಷ್ಯ. ಊರಿಗೆ ಅವನು ಫಿರಂಗಿಯವರ ಪೈಕಿ. ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರ ಕೋಟೆಗಳನ್ನು ಕಿತ್ತುಕೊಂಡ ಮೇಲೆ ಸ್ಥಿತಿ ತಲೆಕೆಳಗಾಯಿತು. ಇಗರ್ಜಿ ಕಟ್ಟಬೇಕಾದರೆ ಈಗ ಕೆಳದಿಯವರನ್ನು ಕೇಳಬೇಕು. 1678ರ ಒಪ್ಪಂದದಲ್ಲಿ ಮಿರ್ಜಾನ್, ಭಟ್ಕಳ, ಕಲ್ಯಾಣಪುರದಂಥ ಕಡೆ ಇಗರ್ಜಿಗೆ ಅನುಮತಿ ಸಿಕ್ಕಿದ್ದು ಹೀಗೆ.

ಅದೇ ಹೊತ್ತಿಗೆ ಬರ್ತಾನೆ ತೊಮಾಸ್ ದೆ ಕಾಸ್ತ್ರೊ. ಗೋವಾದ ದಿವಾಡಿ ದ್ವೀಪದವನು, ಬಿಳಿಯನಲ್ಲ, ನಮ್ಮ ಕೊಂಕಣದವನೇ. ಅವನನ್ನು ಕಳಿಸಿದ್ದು ಪೋರ್ಚುಗಲ್ ದೊರೆಯಲ್ಲ, ನೇರವಾಗಿ ರೋಮಿನ ಪ್ರೊಪಗಾಂಡ ಫಿದೆ ಅನ್ನುವ ಇಲಾಖೆ. ಗೋವಾದ ಆರ್ಚ್‌ಬಿಷಪ್ಪರಿಗೆ ಇದು ಸುತಾರಾಂ ಒಪ್ಪಿಗೆ ಇರಲಿಲ್ಲ. ಒಂದೇ ಊರಲ್ಲಿ ಇಬ್ಬರು ಯಜಮಾನರು. 1680ರಲ್ಲಿ ದೆ ಕಾಸ್ತ್ರೊ ರೊಸಾರಿಯೊದ ಪಕ್ಕ ಹೋಗದೆ, ಈಗಿನ ಹಂಪನಕಟ್ಟೆಯಲ್ಲಿ ಮಿಲಾಗ್ರಿಸ್ ಇಗರ್ಜಿ ಕಟ್ಟಿಸ್ತಾನೆ. ಜಾಗ ಕೊಟ್ಟವಳು ಕೆಳದಿ ಚೆನ್ನಮ್ಮ ಅಂತ ಪರಂಪರೆ. ಲಿಂಗಾಯತ ರಾಣಿ ಕೊಟ್ಟ ನೆಲ, ಕೊಂಕಣಿ ಬಿಷಪ್, ರೋಮಿನ ಆದೇಶ. ಪೋರ್ಚುಗಲ್ ದೊರೆಗೆ ಇದರಲ್ಲಿ ಪಾಲಿಲ್ಲ. ಇವತ್ತು ಮಿಲಾಗ್ರಿಸ್ ಎದುರು ಸಿಗ್ನಲ್ಲಲ್ಲಿ ನಿಂತ ಬಸ್ಸಿನೊಳಗೆ ಕೂತು ನೋಡುವಾಗ ನನಗೆ ಇದೇ ನೆನಪಾಗೋದು: ಈ ಎರಡು ಇಗರ್ಜಿಗಳ ನಡುವಿನ ದೂರ ನಡೆದು ಹೋದರೆ ಅರ್ಧ ಗಂಟೆಯೂ ಇಲ್ಲ, ಆದರೆ ಅಂದು ಅದು ಲಿಸ್ಬನ್ನಿಗೂ ರೋಮಿಗೂ ಇರುವ ದೂರವಾಗಿತ್ತು. ದೆ ಕಾಸ್ತ್ರೊ 1684ರಲ್ಲಿ ಸತ್ತು ಮಿಲಾಗ್ರಿಸ್‌ನಲ್ಲೇ ಮಣ್ಣಾದ.

1784ರದ್ದನ್ನು ಉದ್ದಕ್ಕೆ ಬರೆಯಲ್ಲ, ಅದರ ಮೇಲೆ ಬೇಕಾದಷ್ಟು ಬರಹ, ಬೇಕಾದ್ದಕ್ಕಿಂತ ಹೆಚ್ಚು ಜಗಳ ಇದೆ. ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಮಿಲಾಗ್ರಿಸ್, ರೊಸಾರಿಯೊ ಸೇರಿ ಇಗರ್ಜಿಗಳು ನೆಲಸಮವಾದವು, ಪಾದ್ರಿಗಳನ್ನು ಗೋವಕ್ಕೆ ಅಟ್ಟಲಾಯಿತು. ಎಷ್ಟು ಜನ ಅನ್ನುವುದರಲ್ಲಿ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಮೂಡುಬಿದಿರೆ ಹತ್ತಿರದ ಹೊಸಪೇಟೆಯ ಇಗರ್ಜಿ ಚೌಟ ಅರಸರ ಮಾತಿನಿಂದ ಉಳಿಯಿತು ಅಂತ ಆ ಕಡೆಯವರು ಇವತ್ತಿಗೂ ಹೇಳ್ತಾರೆ. ನನಗೆ ಇಲ್ಲಿ ಮುಖ್ಯವಾದದ್ದು ಒಂದೇ. 1799ರ ನಂತರ ತಿರುಗಿ ಬಂದವರು ಪಾದ್ರಿಗಳಿಲ್ಲದೆ, ಇಗರ್ಜಿ ಇಲ್ಲದೆ ಬದುಕಿ ಬಂದವರು. ಊರಿಗೊಬ್ಬ ‘ಗುರ್ಕಾರ್’, ಅಂದರೆ ಸಮುದಾಯದ ಮುಖಂಡ, ಇರುವ ಪದ್ಧತಿ ಇಲ್ಲಿ ಮೊದಲಿನಿಂದ ಇತ್ತು. ಪಾದ್ರಿ ದೂರವಾದಾಗ ಅಂಥವರ ಮಾತಿಗೆ ತೂಕ ಬಂದದ್ದು ಸಹಜ. 1811ರಿಂದ 1813ರ ಒಳಗೆ ಮಿಲಾಗ್ರಿಸ್, ರೊಸಾರಿಯೊ ಎರಡೂ ಮತ್ತೆ ಎದ್ದವು. ಗೋವಾದಿಂದ ಪಾದ್ರಿಗಳೂ ಬಂದರು. ಆದರೆ ಜನ ಹಳೆಯ ಜನ ಆಗಿರಲಿಲ್ಲ.

ಇದು ಗೊತ್ತಾಗೋದು ಮುಂದಿನ ತಲೆಮಾರಿನಲ್ಲಿ. 1834ರಲ್ಲಿ ಪೋರ್ಚುಗಲ್ ಸರ್ಕಾರವೇ ತನ್ನ ನಾಡಿನ ಸನ್ಯಾಸಿ ಸಂಘಗಳನ್ನು ಮುಚ್ಚಿಸಿತು, ರೋಮಿಗೂ ಲಿಸ್ಬನ್ನಿಗೂ ಹಳಸಿತು, ಗೋವಾದ ಪಾದ್ರಿಗಳ ಅಧಿಕಾರವೇ ತೂಗುಯ್ಯಾಲೆಯಲ್ಲಿ ಬಿತ್ತು. ಆಗ ಮಂಗಳೂರಿನ ಒಂದು ಪಂಗಡ ಗೋವಾ ಬೇಡ, ನಮ್ಮನ್ನು ಕೇರಳದ ವರಾಪುಳದ ಕಾರ್ಮೆಲೈಟ್ ಬಿಷಪ್ಪರ ಕೆಳಗೆ ಹಾಕಿ ಅಂತ ರೋಮಿಗೆ ಬರೆಯಿತು. ಇನ್ನೊಂದು ಪಂಗಡ ಗೋವಾದ ಕಡೆಗೇ ನಿಂತಿತು. ಒಂದೇ ಕುಟುಂಬದ ಅಣ್ಣ ಒಂದು ಕಡೆ ತಮ್ಮ ಇನ್ನೊಂದು ಕಡೆ ಅನ್ನೋ ಸ್ಥಿತಿ. 1845ರಲ್ಲಿ ಮಂಗಳೂರನ್ನು ವರಾಪುಳದಿಂದ ಬೇರೆ ಮಾಡಿದರು, 1853ರಲ್ಲಿ ಅದಕ್ಕೇ ಒಂದು ಸ್ವತಂತ್ರ ವಿಕಾರಿಯೇಟ್ ಸ್ಥಾನ ಸಿಕ್ಕಿತು. ಬಾಗಿಲಲ್ಲಿ ಪೋರ್ಚುಗಲ್ ಲಾಂಛನ ಇಟ್ಟುಕೊಂಡ ರೊಸಾರಿಯೊ ಕಾರ್ಮೆಲೈಟರ ಕಾಲದಲ್ಲಿ ಕೆಥೆಡ್ರಲ್ ಆಯಿತು. ಆ ಕಲ್ಲನ್ನು ಆಗ ಕಿತ್ತು ಎಸೆಯದೆ ಇದ್ದವರಿಗೆ ನಾವು ಶಾಸನದವರು ಋಣಿಗಳು.

ಬೆಳೀತಿದ್ದ ಪೇಟೆಗೆ ಈಗ ಬೇರೆ ಆಸೆ ಹುಟ್ಟಿತು. ಬ್ರಿಟಿಷ್ ಕಚೇರಿಯಲ್ಲಿ ಕೆಲಸ ಬೇಕಾದರೆ ಇಂಗ್ಲಿಷ್ ಬೇಕು, ಇಂಗ್ಲಿಷ್ ಬೇಕಾದರೆ ಕಾಲೇಜು ಬೇಕು. ಕಾರ್ಮೆಲೈಟರು ಧರ್ಮನಿಷ್ಠರು ನಿಜ, ಆದರೆ ಕಾಲೇಜು ನಡೆಸುವ ತಾಕತ್ತಿರುವವರು ಜೆಸ್ವಿತರು ಅಂತ ಊರಿನ ಮುಖಂಡರು ಮತ್ತೆ ರೋಮಿಗೆ ಅರ್ಜಿ ಮೇಲೆ ಅರ್ಜಿ ಹಾಕಿದರು. 1878ರ ಡಿಸೆಂಬರ್ 31ಕ್ಕೆ ಜೆಸ್ವಿತರು ಬಂದಿಳಿದರು. 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು. ಗುಡ್ಡದ ಮೇಲಿನ ಜಾಗ ಕೊಟ್ಟದ್ದು ಲಾರೆನ್ಸ್ ಲೋಬೊ ಪ್ರಭು ದಂಪತಿ. ‘ಲೋಬೊ’ದ ಪಕ್ಕ ‘ಪ್ರಭು’ ಇರೋದನ್ನು ಗಮನಿಸಿ. ಪೋರ್ಚುಗೀಸ್ ಉಪನಾಮ ಬಂದ ಮೇಲೂ ಹಳೆಯ ಪ್ರಭು, ಕಾಮತ್, ಪೈ, ಶೆಣೈ ಬಿಟ್ಟುಕೊಡದ ಮನೆತನಗಳು ಇಲ್ಲಿ ಬಹಳ.

ನನ್ನ ಪ್ರಕಾರ ಈ ಸಮುದಾಯ ಪಾದ್ರಿಯನ್ನು ನೋಡುವ ರೀತಿ ಇಲ್ಲಿ ನಿಜಕ್ಕೂ ತಿರುಗಿತು. ಮೊದಲು ಪಾದ್ರಿಯನ್ನು ದೊರೆ ಕಳಿಸ್ತಿದ್ದ, ಜನ ಸ್ವೀಕರಿಸ್ತಿದ್ದರು. ಈಗ ಜನ ಇಂಥ ಪಾದ್ರಿ ಬೇಕು ಅಂತ ಕೇಳಿ ತರಿಸಿಕೊಂಡರು, ಅದೂ ಪೂಜೆಗಿಂತ ಹೆಚ್ಚಾಗಿ ಪಾಠಕ್ಕೆ. ಅಲೋಶಿಯಸ್ ಚಾಪೆಲ್‌ನ ಒಳಗೋಡೆಗಳಿಗೂ ಮಾಡಿಗೂ 1899ರಿಂದ ಚಿತ್ರ ಬರೆದ ಆಂತೋನಿಯೊ ಮೊಸ್ಕೆನಿ ಒಬ್ಬ ಜೆಸ್ವಿತ್ ಬ್ರದರ್. ಕಂಕನಾಡಿಯಲ್ಲಿ ಹೋಮಿಯೋಪತಿ ಗುಳಿಗೆ ಕೊಡಲು ಶುರು ಮಾಡಿ, ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿದ ಅಗಸ್ಟಸ್ ಮುಲ್ಲರ್ ಒಬ್ಬ ಜರ್ಮನ್ ಜೆಸ್ವಿತ್. ಮಂಗಳೂರಿನ ಹಿಂದೂ, ಮುಸ್ಲಿಂ ಮನೆಗಳಲ್ಲಿ ‘ಫಾದರ್’ ಅನ್ನೋ ಪದ ಬಳಕೆಗೆ ಬಂದದ್ದು ಇಗರ್ಜಿಯಿಂದ ಅಲ್ಲ, ಕಾಲೇಜು ಮತ್ತು ‘ಫಾದರ್ ಮುಲ್ಲರ್’ ಆಸ್ಪತ್ರೆಯಿಂದ ಅಂತ ನನ್ನ ಅಂದಾಜು. ನಮ್ಮ ಅಜ್ಜಿಗೆ ಇಗರ್ಜಿಯವರು ‘ಪಾದ್ರಿ’, ಮದ್ದು ಕೊಟ್ಟವರು ‘ಫಾದರು’. ಇಬ್ಬರೂ ಒಂದೇ ಅಂತ ಅವಳಿಗೆ ಕೊನೆವರೆಗೂ ನಂಬಿಕೆ ಬರಲಿಲ್ಲ.

ಎಲ್ಲರೂ ಈ ಬದಲಾವಣೆಯನ್ನು ನುಂಗಿಕೊಂಡರು ಅಂತಲ್ಲ. 1886ರಲ್ಲಿ ರೋಮಿಗೂ ಪೋರ್ಚುಗಲ್‌ಗೂ ಒಪ್ಪಂದವಾಗಿ, ಗೋವಾದ ಕೆಳಗೆ ಉಳಿದಿದ್ದ ಇಲ್ಲಿನ ಇಗರ್ಜಿಗಳೂ ಮಂಗಳೂರಿನ ಹೊಸ ಬಿಷಪ್ಪರ ಕೈಗೆ ಹೋದವು. ಉತ್ತರಕ್ಕೆ ಬ್ರಹ್ಮಾವರದ ಜನರ ಒಂದು ಗುಂಪು ಇದನ್ನು ಒಪ್ಪಲೇ ಇಲ್ಲ. ಗೋವಾದ ಫಾದರ್ ಅಲ್ವಾರಿಸ್ ಮತ್ತು ಫಾದರ್ ನೊರೊನ್ಹಾ ಇವರ ಹಿಂದೆ ಹೋಗಿ, ಮಲಬಾರಿನ ಸಿರಿಯನ್ ಆರ್ಥೊಡಾಕ್ಸ್ ಸಭೆ ಸೇರಿದರು. ಅಲ್ವಾರಿಸ್ 1889ರಲ್ಲಿ ಮಾರ್ ಜೂಲಿಯಸ್ ಹೆಸರಿನಲ್ಲಿ ಬಿಷಪ್ ಆದರು. ತಮ್ಮ ಪಾದ್ರಿಯನ್ನು ಉಳಿಸಿಕೊಳ್ಳಲಿಕ್ಕೆ ಪೋಪನನ್ನೇ ಬಿಟ್ಟ ಜನ! ಇವತ್ತೂ ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಸಮುದಾಯ ಇದೆ, ಅಲ್ಲಿನ ಇಗರ್ಜಿಗೆ ಹೋಗಿ ಬಂದರೆ ಮಂಗಳೂರಿನ ಚರಿತ್ರೆ ಇನ್ನೊಂದು ಕಡೆಯಿಂದ ಕಾಣ್ತದೆ.

ಇನ್ನು ಹಂಚು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಬಲ್ಮಠದ ಅವರ ಶಾಂತಿ ದೇವಾಲಯ 1862ರದು. ಕಥೋಲಿಕರ ಜಗಳಗಳು ಇವರಿಗಿರಲಿಲ್ಲ, ಬೇರೆ ಜಗಳಗಳಿದ್ದವು. 1844ರಲ್ಲಿ ಆನಂದರಾವ್ ಕೌಂಡಿನ್ಯ ಅನ್ನುವ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದಾಗ ಊರೇ ಅಲ್ಲೋಲಕಲ್ಲೋಲ. ಅದೇ ಕೌಂಡಿನ್ಯ ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಗುರುದೀಕ್ಷೆ ಪಡೆದು ಬಂದರು. ಸ್ಥಳೀಯನೊಬ್ಬ ಯುರೋಪಿಯನ್ ಮಿಷನರಿಗಳ ಸಾಲಿನಲ್ಲಿ ನಿಂತದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. 1914ರ ಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧಿಸಿ ಹೊರಗಟ್ಟಿದರು, ಸಭೆಯ ಭಾರ ಇಲ್ಲಿನ ಸಭಾಪಾಲಕರ ಹೆಗಲಿಗೆ ಏಕಾಏಕಿ ಬಿತ್ತು.

ಆದರೆ ಎಲ್ಲ ಪಂಗಡದ ಕಟ್ಟಡಗಳನ್ನೂ ಬದಲಾಯಿಸಿದ್ದು ಅವರ ದೈವಶಾಸ್ತ್ರ ಅಲ್ಲ, ಪ್ಲೆಬ್ಸ್ಟ್ 1865ರಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆ. ಮುಳಿಹುಲ್ಲಿನ ಮಾಡು ಹೋಗಿ ಕೆಂಪು ಹಂಚು ಬಂತು. ಕಥೋಲಿಕರ ಇಗರ್ಜಿ ಮೇಲೆ ಪ್ರೊಟೆಸ್ಟೆಂಟರ ಹಂಚು! ಮೂರು ವರ್ಷದಲ್ಲೇ ಕಥೋಲಿಕರದ್ದೇ ಆದ ಆಲ್ಬುಕರ್ಕ್ ಕಾರ್ಖಾನೆಯೂ ಬಂತು ಅನ್ನಿ. ಇಲ್ಲಿ ಓದುಗರಿಗೆ ಒಂದು ಎಚ್ಚರಿಕೆ ಹೇಳಬೇಕು, ಯಾಕಂದರೆ ನಾನೇ ಇದರಲ್ಲಿ ಜಾರಿ ಬಿದ್ದವನು. ಹಂಚಿನ ಬೆನ್ನಿನಲ್ಲಿ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಅಂತ ಇಂಗ್ಲಿಷಿನಲ್ಲಿ ಮುದ್ರೆ ಇರ್ತದೆ. ಆಲ್ಬುಕರ್ಕ್ ಹಂಚಿನಲ್ಲಿ 1868 ಅಂತ. ಅದು ಹಂಚು ಸುಟ್ಟ ಇಸವಿ ಅಲ್ಲ, ಕಾರ್ಖಾನೆ ಹುಟ್ಟಿದ ಇಸವಿ. ದಶಕಗಳ ಕಾಲ ಅದೇ ಅಚ್ಚು ಒತ್ತಿದ್ದಾರೆ. ಒಂದು ಹಂಚು ಕೈಗೆ ಸಿಕ್ಕ ತಕ್ಷಣ ಈ ಇಗರ್ಜಿ 1865ರದ್ದು ಅಂತ ನಾನು ಒಮ್ಮೆ ಜನರ ಮುಂದೆ ಘೋಷಿಸಿ, ಆಮೇಲೆ ನಾಚಿಕೆಪಟ್ಟದ್ದಿದೆ. ಹಂಚಿನಲ್ಲಿ ‘ಕಾಮನ್‌ವೆಲ್ತ್ ಟ್ರಸ್ಟ್’ ಅಂತ ಇದ್ದರೆ ಮಾತ್ರ ಸ್ವಲ್ಪ ಗಟ್ಟಿ ನೆಲ ಸಿಗ್ತದೆ. ಯುದ್ಧದ ನಂತರ ಬಾಸೆಲ್ ಕಾರ್ಖಾನೆಗಳು ಆ ಕಂಪನಿಗೆ ಹೋದವು, ಹಾಗಾಗಿ ಅಂಥ ಹಂಚು ಮೊದಲ ಮಹಾಯುದ್ಧಕ್ಕಿಂತ ಹಿಂದಿನದ್ದಾಗಲು ಸಾಧ್ಯವಿಲ್ಲ. ಅದೂ ಮಾಡಿನ ವಯಸ್ಸು ಮಾತ್ರ, ಗೋಡೆಯದ್ದಲ್ಲ.

1907ರಲ್ಲಿ ರೈಲು ಮಂಗಳೂರಿಗೆ ಬಂತು. ಕಾಫಿ, ಗೇರುಬೀಜ, ಹಂಚು, ಹಡಗು. ಪೇಟೆ ಉಬ್ಬಿತು. 1813ರ ರೊಸಾರಿಯೊ ಈಗ ಸಣ್ಣದು ಅನ್ನಿಸತೊಡಗಿ, 1910ರಲ್ಲಿ ಅದನ್ನು ಕೆಡವಿದರು. ಈ ಸಲ ಕೆಡವಿದ್ದು ಶತ್ರುವಲ್ಲ, ಅವರೇ. ಮಿಲಾಗ್ರಿಸ್‌ಗೆ ಈಗಿನ ಮುಂಭಾಗ ಬಂದದ್ದೂ ಹೆಚ್ಚುಕಡಿಮೆ ಇದೇ ಕಾಲಕ್ಕೆ. ರೊಸಾರಿಯೊದ ಗುಮ್ಮಟದ ಕೆಲಸ 1920ರ ದಶಕದವರೆಗೂ ಎಳೆಯಿತು. ಇಟಾಲಿಯನ್ ಬಿಷಪ್ ಪೆರಿನಿಯವರ ಕಾಲದಲ್ಲಿ ಶುರುವಾದ ಕಟ್ಟಡ ಅದು. ಮುಗಿಯುವ ಹೊತ್ತಿಗೆ, 1923ರಲ್ಲಿ, ಕಲ್ಲಿಕೋಟೆ ಬೇರೆ ಧರ್ಮಪ್ರಾಂತ್ಯವಾಗಿ ಪೆರಿನಿ ಆ ಕಡೆ ಹೋದರು. ಮಂಗಳೂರು ಊರಿನ ಪಾದ್ರಿಗಳ ಕೈಗೆ ಬಂತು. 1928ರಲ್ಲಿ ವಲೇರಿಯನ್ ಡಿಸೋಜ ಇಲ್ಲಿನ ಮೊದಲ ಸ್ಥಳೀಯ ಬಿಷಪ್. ರೋಮನ್ ಮಾದರಿಯ ಗುಮ್ಮಟವನ್ನು ಇಟಾಲಿಯನ್ನರು ಎತ್ತಿದರು, ಅದರ ಕೆಳಗೆ ಪೀಠದಲ್ಲಿ ಕೂತದ್ದು ಕೊಂಕಣಿ ಮಾತಾಡುವ ಮನುಷ್ಯ. ದೆ ಕಾಸ್ತ್ರೊ ಸತ್ತು 244 ವರ್ಷವಾಗಿತ್ತು.

ಗೋರಿಕಲ್ಲುಗಳಲ್ಲಿ ಈ ಇಡೀ ಓಟ ಭಾಷೆಯಾಗಿ ಕಾಣ್ತದೆ. ಹಳೆಯವು ಪೋರ್ಚುಗೀಸಿನಲ್ಲೋ ಲ್ಯಾಟಿನ್ನಿನಲ್ಲೋ ಇರ್ತವೆ. ‘ಆಕಿ ಜಾಜ್’ ಅಂದರೆ ಇಲ್ಲಿ ಮಲಗಿದ್ದಾನೆ ಅಂತ, ಲ್ಯಾಟಿನ್ನಿನಲ್ಲಿ ಅದೇ ‘ಹಿಕ್ ಯಾಚೆತ್’. ತಲೆಯಲ್ಲಿ ‘ಡಿ ಓ ಎಂ’ ಇದ್ದರೆ ‘ಪರಮ ಶ್ರೇಷ್ಠ ದೇವರಿಗೆ’. ನಮ್ಮ ಶಾಸನಗಳ ‘ಸ್ವಸ್ತಿ ಶ್ರೀ’ ನಿಲ್ಲುವ ಜಾಗದಲ್ಲೇ ಅದು ನಿಲ್ತದೆ. ಕೊನೆಯಲ್ಲಿ ಶಾಪಾಶಯ ಮಾತ್ರ ಇರಲ್ಲ. ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪ ಇಲ್ಲಿ ಯಾರಿಗೂ ತಗಲಲ್ಲ, ಬದಲಿಗೆ ಆತ್ಮಕ್ಕಾಗಿ ಪ್ರಾರ್ಥಿಸಿ ಅಂತ ಓದುಗನನ್ನೇ ಬೇಡಿಕೊಳ್ಳುತ್ತೆ. ನನಗೆ ಆ ಬೇಡಿಕೆ ಶಾಪಕ್ಕಿಂತ ಹೆಚ್ಚು ತಾಗ್ತದೆ. ಶಾಪ ಹಾಕುವವನಿಗೆ ಮುಂದಿನವರ ಮೇಲೆ ಅನುಮಾನ, ಬೇಡುವವನಿಗೆ ನಂಬಿಕೆ. ಆಮೇಲೆ ಇಂಗ್ಲಿಷ್ ಬರ್ತದೆ. ಇನ್ನೂ ಈಚೆಗೆ ಕನ್ನಡ ಲಿಪಿಯ ಕೊಂಕಣಿ, ‘ಜಲ್ಮ್’ ಒಂದು ಇಸವಿ, ‘ಮರಣ್’ ಒಂದು ಇಸವಿ. ಪೋರ್ಚುಗೀಸ್ ಮೂಲದ ‘ಪಾದ್ರಿ’ಯ ಜಾಗದಲ್ಲಿ ಈಗ ಮುದ್ರಣದಲ್ಲೂ ಕಲ್ಲಿನಲ್ಲೂ ‘ಮಾ. ಬಾಪ್’, ಅಂದರೆ ಮಾನ್ಯ ತಂದೆ. ಪಾದ್ರಿಯೂ ಮೂಲದಲ್ಲಿ ತಂದೆಯೇ, ಆದರೆ ಬೇರೆಯವರ ಭಾಷೆಯ ತಂದೆ. ಬಾಪ್ ಮನೆಯ ಮಾತು.

1962ರಿಂದ 1965ರ ವ್ಯಾಟಿಕನ್ ಮಹಾಸಭೆ ಕೆಲವೇ ವರ್ಷದಲ್ಲಿ ಬಹಳಷ್ಟು ಬದಲಾಯಿಸಿತು. ಲ್ಯಾಟಿನ್ ಹೋಗಿ ಕೊಂಕಣಿ, ಕನ್ನಡ ಬಂತು. ಜನರಿಗೆ ಬೆನ್ನು ತೋರಿಸುತ್ತಿದ್ದ ಪಾದ್ರಿ ಅವರ ಕಡೆ ತಿರುಗಿ ನಿಂತರು. ಆಡಳಿತಕ್ಕೆ ಜನರೇ ಆರಿಸಿದ ಪಾಲನಾ ಮಂಡಳಿ ಬಂತು, ಲೆಕ್ಕ ಕೇಳುವ ಧೈರ್ಯವೂ ಬಂತು. ಹಿಂದೆ ವಿಗಾರರ ಮನೆ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು ನಿಲ್ತಿದ್ದವರ ಮೊಮ್ಮಕ್ಕಳು ಈಗ ಸಭೆಯಲ್ಲಿ ಎದ್ದು ನಿಂತು ಮಾತಾಡ್ತಾರೆ. ಶಾಸನದವರಿಗೆ ಮಾತ್ರ ಇದರಲ್ಲಿ ಒಂದು ನಷ್ಟ ಇದೆ. ಪೀಠವನ್ನು ಮುಂದಕ್ಕೆ ತರುವಾಗ ನೆಲ ಅಗೆದರು. ಹಳೆಯ ಪದ್ಧತಿಯಲ್ಲಿ ಪಾದ್ರಿಗಳನ್ನು ಹೂಳುತ್ತಿದ್ದದ್ದು ಇಗರ್ಜಿಯ ಒಳಗೆ, ನೆಲದ ಕೆಳಗೆ. ಹೊಸ ನೆಲಕ್ಕೆ ಹೊಳೆಯುವ ಗ್ರಾನೈಟ್ ಬಂತು. ಹಳೆಯ ಚಪ್ಪಡಿ ಎಲ್ಲಿಗೆ ಹೋಯಿತು ಅನ್ನೋದಕ್ಕೆ ಒಂದೊಂದು ಊರಲ್ಲಿ ಒಂದೊಂದು ಉತ್ತರ. ಈಗ ಬಾಗಿಲ ಪಕ್ಕ ಇರೋದು ಕಪ್ಪು ಫಲಕದಲ್ಲಿ ದಾನಿಗಳ ಹೆಸರು. ಪಕ್ಕದ ದೇವಸ್ಥಾನದ ಬ್ರಹ್ಮಕಲಶೋತ್ಸವದ ಫಲಕಕ್ಕೂ ಇದಕ್ಕೂ ಅಕ್ಷರದ ಶೈಲಿಯಲ್ಲಿ ಸಹ ವ್ಯತ್ಯಾಸ ಇಲ್ಲ, ಪ್ರಾಯಶಃ ಕೆತ್ತುವ ಯಂತ್ರವೂ ಒಂದೇ.

ಪೇಟೆಯ ಹೊರವಲಯದ ಒಂದು ಇಗರ್ಜಿಯಲ್ಲಿ, ಹೆಸರು ಬೇಡ, ಹತ್ತು ಹನ್ನೆರಡು ವರ್ಷದ ಹಿಂದೆ ನಾನು ಮೂರು ಚಪ್ಪಡಿ ನೋಡಿದ್ದೆ. ಜುಲೈ ತಿಂಗಳು, ಧಾರಾಕಾರ ಮಳೆ. ಪಡಿಯಚ್ಚು ತೆಗೆಯೋಣ ಅಂದರೆ ಕಾಗದ ಕಲ್ಲಿಗೆ ಅಂಟುವ ಮೊದಲೇ ಮುದ್ದೆ. ಬೇಸಿಗೆಯಲ್ಲಿ ಬಂದರಾಯಿತು ಅಂತ ಡೈರಿಯಲ್ಲಿ ನಾಲ್ಕು ಸಾಲು ಗೀಚಿ ಬಂದೆ. ಫೋಟೋ ತೆಗೆದದ್ದರಲ್ಲಿ ನೀರಿನ ಹೊಳಪು ಬಿಟ್ಟರೆ ಏನೂ ಕಾಣಲ್ಲ. ಮೂರರಲ್ಲಿ ಒಂದು ಪೋರ್ಚುಗೀಸಿನದು. ವಿಗಾರ್ ಅನ್ನೋ ಪದ, 18ರಿಂದ ಶುರುವಾಗುವ ಇಸವಿ, ಕೊನೆಯಲ್ಲಿ ಪ್ರಾರ್ಥನೆಯ ಬೇಡಿಕೆ. ಹೆಸರಿದ್ದ ಸಾಲು ಮಾತ್ರ ಉಜ್ಜಿ ಅಳಿಸಿದ ಹಾಗೆ. ನನಗೆ ರೋಮಾಂಚನ. ಗೋವಾ ಕಡೆಯ ಪಾದ್ರಿ, ವರಾಪುಳದ ಕಡೆಯವರು ಬೇಕಂತಲೇ ಹೆಸರು ಅಳಿಸಿದ್ದಾರೆ, ಪದ್ರೊವಾದೊ ಜಗಳಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿತು ಅಂತ ದಾರಿಯುದ್ದಕ್ಕೂ ಲೇಖನವನ್ನೇ ಕಟ್ಟಿಕೊಂಡು ಬಂದೆ.

ಬೇಸಿಗೆ ಬಂತು, ನಾನು ಹೋಗಲಿಲ್ಲ. ಇನ್ನೊಂದು ಬೇಸಿಗೆಯೂ ಹಾಗೇ ಹೋಯಿತು. ಆರು ವರ್ಷ ಬಿಟ್ಟು ಹೋದಾಗ ಹಳೆಯ ಇಗರ್ಜಿಯೇ ಇರಲಿಲ್ಲ. ಕಾಂಕ್ರೀಟಿನ ಹೊಸದು, ಒಳಗೆ ಕಂಬಗಳಿಲ್ಲದೆ ವಿಶಾಲ, ಎಲ್ಲರಿಗೂ ಕೂರಲು ಜಾಗ, ಫ್ಯಾನ್ ಗಾಳಿ. ಹಳೆಯದರಲ್ಲಿ ಹಬ್ಬದ ದಿನ ಅರ್ಧ ಜನ ಹೊರಗೆ ಬಿಸಿಲಲ್ಲಿ ನಿಲ್ಲಬೇಕಿತ್ತು ಅಂತ ಅಲ್ಲಿನವರು ಹೇಳಿದಾಗ ನನಗೆ ಎದುರು ಮಾತಾಡಲಾಗಲಿಲ್ಲ. ಚಪ್ಪಡಿ ಕೇಳಿದೆ. ಗಂಟೆ ಹೊಡೆಯುವ ಹಿರಿಯರೊಬ್ಬರು ಹಿಂದಿನ ಅಂಗಳಕ್ಕೆ ಕರಕೊಂಡು ಹೋದರು. ಎರಡು ಎಲ್ಲಿ ಹೋದವೋ ಅವರಿಗೂ ಗೊತ್ತಿಲ್ಲ. ಪೋರ್ಚುಗೀಸಿನದು ಮಾತ್ರ ನಲ್ಲಿಯ ಕೆಳಗೆ ಮಲಗಿತ್ತು. ಹೆಸರು ಯಾರು ಅಳಿಸಿದ್ದು ಅಂತ ಕೇಳಿದೆ, ನನ್ನ ವಾದ ಎಲ್ಲ ವಿವರಿಸಿ. ಅವರು ಜೋರಾಗಿ ನಕ್ಕರು. ಹಬ್ಬದ ಊಟದ ದಿನ ಕತ್ತಿ ಮಸೆಯುತ್ತಿದ್ದದ್ದು ಅದರ ಮೇಲೆಯೇ ಅಂತೆ, ಅವರ ಅಪ್ಪನ ಕಾಲದಿಂದಲೂ. ನಡುವಿನ ಸಾಲು ಕೈಗೆ ಸರಿಯಾಗಿ ಸಿಗ್ತದೆ, ಅಲ್ಲೇ ಸವೆದದ್ದು.

ನನ್ನ ಲೇಖನ ಅಲ್ಲಿಗೆ ಸತ್ತಿತು. ಹಿರಿಯರು ಆಮೇಲೆ ಇನ್ನೊಂದು ಮಾತು ಹೇಳಿದರು. ಯಾರ ಕಲ್ಲು ಅಂತ ಅವರಿಗೆ ಗೊತ್ತಿರಲಿಲ್ಲ, ಆದರೆ ಪಾದ್ರಿಯದು ಅಂತ ಗೊತ್ತಿತ್ತು. ಅದಕ್ಕೇ ಅವರ ಅಮ್ಮ ನವೆಂಬರ್ 2ರ ಸತ್ತವರ ದಿನ, ಮನೆಯವರ ಗೋರಿಗಳಿಗೆಲ್ಲ ಮೇಣದಬತ್ತಿ ಹಚ್ಚಿ ಆದ ಮೇಲೆ ಉಳಿದ ಒಂದನ್ನು ತಂದು ಈ ಕಲ್ಲಿನ ಮೇಲೆ ಹಚ್ಚುತ್ತಿದ್ದರಂತೆ. ಕತ್ತಿ ಮಸೆಯುವ ಕಲ್ಲೂ ಅದೇ, ಮೇಣದಬತ್ತಿ ಹಚ್ಚುವ ಕಲ್ಲೂ ಅದೇ.

ಈಗಿನ ವಿಗಾರರು ಎಳೆಯರು, ನನ್ನ ಮಾತು ಕೇಳಿ ಆ ಕಲ್ಲನ್ನು ನಲ್ಲಿಯಿಂದ ಎತ್ತಿಸಿ ಸ್ಮಶಾನದ ಗೋಡೆಗೆ ಒರಗಿಸಿದ್ದಾರೆ. ಎರಡು ವರ್ಷದಲ್ಲಿ ಅವರಿಗೆ ವರ್ಗ ಆಗಬಹುದು, ಅಷ್ಟರೊಳಗೆ ಮುಗಿಸಿ ಅಂದರು. ಕಳೆದ ಸಲ ಹೋದಾಗ ಇಸವಿಯ ಮೂರನೇ ಅಂಕಿ 4 ಅಂತ ಓದಿದೆ, ಜೊತೆಗಿದ್ದ ಗೆಳೆಯ ಅದು 1 ಅಂತ ಹಟ ಹಿಡಿದ. 4 ಆದರೆ ಆ ಪಾದ್ರಿ ಸತ್ತದ್ದು ಜಗಳದ ನಟ್ಟನಡುವೆ, 1 ಆದರೆ ಅವರು ಸೆರೆಯಿಂದ ಮರಳಿದ ಜನರಿಗೆ ಮೊದಲು ಸಿಕ್ಕ ಪಾದ್ರಿಗಳಲ್ಲಿ ಒಬ್ಬರು. ಪಡಿಯಚ್ಚು ಬೇಕು. ಮಾರ್ಚ್‌ನಲ್ಲಿ ಹೋಗ್ತಿದ್ದೇವೆ, ಒಣ ದಿನ ನೋಡಿ.